ಬೀಳು ಬಿಟ್ಟ ಕಡಲು

ಆಸೆನೊವ್‌ಗ್ರಾಡ್
ಫೆಬ್ರವರಿ 7, ಗುರುವಾರ ಬೆಳಿಗ್ಗೆ

ನನ್ನ ಬಂಗಾರದ ಸೊಸೆ ನೆವೆನಾಗೆ,

ಮೊದಲು ಜಾಡಿಗಳ ವಿಷಯ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ದೊಡ್ಡ ಜಾಡಿಯಲ್ಲಿರುವುದು ಕೋಳಿ ಸಾರು, ಇವತ್ತೇ ಕುಡಿದು ಮುಗಿಸು. ಚಿಕ್ಕದರಲ್ಲಿ ಸುಟ್ಟ ಕೆಂಪು ಮೆಣಸಿನಕಾಯಿಯ ಗೊಜ್ಜು. ನಿನ್ನ ವಾರ್ಡಿನ ಹೆಂಗಸರಿಗೂ ಕೊಡು, ಪಾಪ, ಆಸ್ಪತ್ರೆಯ ಸಪ್ಪೆ ಊಟ ತಿಂದು ಅವರ ನಾಲಿಗೆ ಸತ್ತುಹೋಗಿರುತ್ತದೆ. ಗೊಜ್ಜು ಎಷ್ಟು ಬೇಕಾದರೂ ಕೊಡು, ಜಾಡಿ ಮಾತ್ರ ಕೊಡಬೇಡ. ತೊಳೆದು ಕಾವಲುಗಾರನ ಕೈಯಲ್ಲಿ ಕೆಳಗೆ ಕಳಿಸು, ನಿನ್ನ ಮಾವ ಗೇಟಿನ ಹತ್ತಿರ ಕಾದಿದ್ದು ತರುತ್ತಾರೆ. ಕಳೆದ ವರ್ಷ ಕಂಡಕಂಡವರಿಗೆ ಕೊಟ್ಟು ಟೊಮೆಟೊ ತುಂಬಿಡಲು ನನಗೊಂದು ಜಾಡಿಯೂ ಉಳಿಯಲಿಲ್ಲ.

ಈ ಕಾಲದಲ್ಲಿ ಕಾಗದ ಬರೆಯಲು ಕೂತರೆ ನನಗೇ ನಗು ಬರುತ್ತದೆ. ಏನು ಮಾಡಲಿ, ನಿನ್ನ ಫೋನನ್ನು ನಿನ್ನ ಗಂಡ ಕಿತ್ತುಕೊಂಡು ಹೋಗಿದ್ದಾನೆ. ಮಗನ ಪರ ವಹಿಸಿ ಹೇಳುತ್ತಿಲ್ಲ, ಕಲಿನ್ ಮಾಡಿದ್ದು ಸರಿಯೇ. ಬಸುರಿ ಹೆಂಗಸು ಹಗಲೂ ರಾತ್ರಿ ಫೋನಿನಲ್ಲಿ ಮನೆಯ ಮೀನಿನ ತೊಟ್ಟಿಯನ್ನೇ ನೋಡುತ್ತ, ನೀರು ಬಿಸಿಯಾಯಿತೇ ತಣ್ಣಗಾಯಿತೇ ಎಂದು ಕೂತರೆ ರಕ್ತದೊತ್ತಡ ಇಳಿಯುವುದು ಎಲ್ಲಿಂದ? ಮಗು ಏಪ್ರಿಲ್ ತನಕ ಹೊಟ್ಟೆಯಲ್ಲಿ ಉಳಿಯಬೇಕಾದರೆ ತಾಯಿ ಮಲಗಿರಬೇಕು, ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹಿಂದಿನ ಸಲ ನೀನು ಅನುಭವಿಸಿದ್ದೇ ಸಾಕು. ಈಗ ಕಲಿನ್ ಲಾರಿ ಹತ್ತಿ ಸ್ಪೇನಿಗೆ ಹೋದ, ಫ್ಲೂ ಬಂತೆಂದು ಆಸ್ಪತ್ರೆಯವರು ನಮಗೆ ಬಾಗಿಲು ಹಾಕಿದರು, ನಮ್ಮ ಪಾಲಿಗೆ ಕಾಗದವೂ ಜಾಡಿಯೂ ಉಳಿದವು. ಅದೂ ಒಳ್ಳೆಯದೇ ಅನ್ನು. ಫೋನಿನಲ್ಲಿ ನಾನು ಸುಳ್ಳು ಹೇಳಿದರೆ ಗಂಟಲಿನಲ್ಲೇ ಗೊತ್ತಾಗಿಬಿಡುತ್ತದೆ.

ನಿನ್ನ ಗಾಜಿನ ತೊಟ್ಟಿಯ ಕಡಲು ಚೆನ್ನಾಗಿದೆ. ಬೆಳಿಗ್ಗೆ ಸಂಜೆ ಮಹಡಿ ಹತ್ತಿ ನೀನು ಹೇಳಿದಷ್ಟೇ ಊಟ ಹಾಕುತ್ತೇನೆ, ಒಂದು ಚಿಟಿಕೆ ಹೆಚ್ಚಿಲ್ಲ. ಹವಳಗಳು ಅರಳಿಕೊಂಡೇ ಇವೆ. ಆ ಕಿತ್ತಳೆ ಬಣ್ಣದ ಪಟ್ಟೆ ಮೀನಿನ ಜೋಡಿಯಲ್ಲಿ ಹೆಂಡತಿಯದೇ ಕಾರುಬಾರು, ಗಂಡನನ್ನು ಮೂಲೆಗೆ ಅಟ್ಟಿ ತಾನೇ ಮೊದಲು ತಿನ್ನುತ್ತಾಳೆ. ನಿನ್ನ ಮಾವ ದಿನಾ ಅದನ್ನು ನೋಡಿ, "ನಮ್ಮ ಮನೆ ಕಥೆ ಇವಕ್ಕೆ ಯಾರು ಹೇಳಿದ್ರೋ" ಅನ್ನುತ್ತಾರೆ. ಇಷ್ಟು ನೀರಿಟ್ಟುಕೊಂಡು ಹುರಿಯಲು ಒಂದು ಮೀನೂ ಇಲ್ಲವಲ್ಲ ಎಂದು ಎಂಟು ವರ್ಷ ಗೊಣಗಿದ ಮನುಷ್ಯ ಈಗ ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತಿರುತ್ತಾರೆ.

ಹೂಂ, ಒಂದು ಸಂತೋಷದ ಸುದ್ದಿ. ನಿನ್ನ ಹಳದಿ ಮೀನು ಲಿಮೋನ್ ಒಂಟಿಯಾಗಿದೆ ಎಂದು ಅವರ ಜೀವ ಒದ್ದಾಡುತ್ತಿತ್ತು. ಎರಡು ವಾರದ ಹಿಂದೆ ನಿನಗೆ ಜಾಡಿ ಕೊಡಲು ಪ್ಲೊವ್‌ಡಿವ್‌ಗೆ ಬಂದವರು ದಾರಿಯ ಅಂಗಡಿಯಲ್ಲಿ ಒಂದು ನೀಲಿ ಮೀನು ಕೊಂಡರು. ನಿನ್ನ ಕಿಟಕಿಯ ಕೆಳಗೆ ನಿಂತು ನೀರಿನ ಚೀಲ ಎತ್ತಿ ತೋರಿಸಿದರಂತೆ, ನೀನು ನಕ್ಕು ಎರಡೂ ಕೈ ಬೀಸಿದೆಯಂತೆ. ಮನೆಗೆ ಬಂದವರೇ ಕೋಟು ಕೂಡ ಬಿಚ್ಚದೆ ಅದನ್ನು ತೊಟ್ಟಿಗೆ ಬಿಟ್ಟರು. ಈಗ ಲಿಮೋನ್‌ಗೆ ಎಷ್ಟು ಖುಷಿ ಗೊತ್ತೇ? ಕಲ್ಲಿಗೆ ಕೆನ್ನೆ ಉಜ್ಜಿ ಉಜ್ಜಿ ಆಡುತ್ತದೆ, ಬೆನ್ನು ತುರಿಸಿಕೊಳ್ಳುವ ಕರುವಿನ ಹಾಗೆ. ಕಳೆದ ವಾರ ಅದರ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡಿತ್ತು. ನಾನು ಹೆದರಿದ್ದೆ, ಎರಡು ದಿನದಲ್ಲಿ ತಾನೇ ಹೋಯಿತು. ಹಾಗಾಗಿ ಚಿಂತೆ ಮಾಡಬೇಡ.

ಮಗುವಿನ ಹೆಸರಿನ ಜಗಳ ಇನ್ನೂ ನಡೆದಿದೆ. ಮೊದಲ ಮಗುವಿಗೆ ಅಪ್ಪನ ಅಪ್ಪನ ಹೆಸರು, ಹುಟ್ಟುವುದು ಹೆಣ್ಣಾದ್ದರಿಂದ ತನ್ನ ಹೆಸರು ವೆಲ್ಕೊ ಹೋಗಿ ವೆಲಿನಾ ಎಂದು ಇವರು ಬೀದಿಗೆಲ್ಲ ಸಾರಿ ಆಗಿದೆ. ನನ್ನ ಹೆಸರು ಯಾಕಾಗಬಾರದು ಎಂದು ಸುಮ್ಮನೆ ಕೆಣಕಿದೆ. "ಗಿನ್ಕಾ ಅಂತ ಈಗ ಮೇಕೆಗೂ ಇಡಲ್ಲ ಕಣೇ" ಅಂದರು. ನಿಜವೇ, ನಮ್ಮ ಕಾಲಕ್ಕೇ ಮುಗಿದ ಹೆಸರು. ನೀನು ಅವರನ್ನು 'ಅಪ್ಪ' ಅಂದಾಗಿನಿಂದ ಅವರಿಗೆ ಕೊಂಬು ಬಂದಿದೆ. ಮದುವೆಯ ದಿನ ಹೊಸ್ತಿಲಲ್ಲಿ ನಿನ್ನ ಬಾಯಿಗೆ ಬ್ರೆಡ್ಡು ಜೇನು ಇಟ್ಟವಳು ನಾನು, ಅಪ್ಪ ಅನ್ನಿಸಿಕೊಂಡವರು ಅವರು. ನೀನು ಅವತ್ತೇ ಕಾರಣ ಹೇಳಿದ್ದೆ: ಅಮ್ಮ ಅನ್ನುವ ಮಾತು ತೀರಿಹೋದ ನಿನ್ನ ಅಮ್ಮನ ಜೊತೆಗೇ ಹೋಯಿತು, ಅಪ್ಪ ಅನ್ನುವುದನ್ನು ಹುಟ್ಟಿದಾಗಿನಿಂದ ಬಳಸಿಯೇ ಇರಲಿಲ್ಲ ಎಂದು. ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ.

ಮಲಗು, ತಿನ್ನು, ಮತ್ತೆ ಮಲಗು.

ನಿನ್ನ ಅತ್ತೆ
ಗಿನ್ಕಾ

ತಾ.ಕ.: ಒಂದು ಕೇಳಬೇಕಿತ್ತು. ಲಿಮೋನ್ ಈಗ ಇಡೀ ದಿನ ಪಂಪಿನ ನೀರು ಚಿಮ್ಮುವ ಕಡೆಗೇ ಮುಖ ಮಾಡಿ ನಿಂತಿರುತ್ತದೆ, ಮಹಡಿ ಹತ್ತಿದ ನನ್ನ ಹಾಗೆ ಬೇಗ ಬೇಗ ಉಸಿರಾಡುತ್ತದೆ. ಅದಕ್ಕೆ ಗಾಳಿ ಇಷ್ಟವೇ?

~

ಪ್ಲೊವ್‌ಡಿವ್, ಆಸ್ಪತ್ರೆ
ಅದೇ ಗುರುವಾರ, ಮಧ್ಯಾಹ್ನ

ಅತ್ತೆ,

ಅಪ್ಪ ಗೇಟಿನಲ್ಲಿ ಜಾಡಿಗೆ ಕಾಯುತ್ತಿದ್ದಾರೆ, ಕಾವಲುಗಾರನನ್ನು ಕಾಡಿ ಬೇಡಿ ನಿಲ್ಲಿಸಿಕೊಂಡಿದ್ದೇನೆ. ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ.

ಅದು ಆಟವಲ್ಲ. ಗಾಳಿ ಇಷ್ಟವೂ ಅಲ್ಲ. ರೋಗ. ಅಂಗಡಿಯಿಂದ ಬಂದ ಮೀನಿನ ಜೊತೆ ಬಿಳಿ ಚುಕ್ಕೆ ರೋಗ ಬಂದಿದೆ. ಉಪ್ಪಿನ ಹರಳಿನಂತೆ ನಿಮಗೆ ಕಂಡದ್ದು ಮೀನಿನ ಚರ್ಮದೊಳಗೆ ಹೊಕ್ಕು ಕೂತ ಒಂದು ಕ್ರಿಮಿ. ಚುಕ್ಕೆ ಮಾಯವಾದರೆ ವಾಸಿಯಾಯಿತು ಎಂದು ಎಲ್ಲರೂ ಮೋಸ ಹೋಗುತ್ತಾರೆ. ಹೊಟ್ಟೆ ತುಂಬಿದ ಮೇಲೆ ಅದು ಮೀನನ್ನು ಬಿಟ್ಟು ಮರಳಿಗೆ ಬೀಳುತ್ತದೆ, ಅಲ್ಲಿ ಒಂದು ನೂರಾಗಿ ಮತ್ತೆ ಮೀನು ಹುಡುಕಿಕೊಂಡು ಏಳುತ್ತದೆ. ಈಗ ಕಿವಿರಿಗೆ ಹತ್ತಿದೆ, ಅದಕ್ಕೇ ಲಿಮೋನ್ ಏದುಸಿರು ಬಿಡುತ್ತಿದೆ.

ನೆಲಮಾಳಿಗೆಯಲ್ಲಿ ದ್ರಾಕ್ಷಿ ತುಳಿದು ಹಾಕುವ ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಿದೆಯಲ್ಲ, ಅದನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೋಪು ಬೇಡ. ನನ್ನ ಗಾಜಿನ ತೊಟ್ಟಿಯಿಂದ ಅರ್ಧ ನೀರು ತೆಗೆದು ಅದಕ್ಕೆ ತುಂಬಿ. ಆಗ ಮೀನು ಹಿಡಿಯುವುದೂ ಸುಲಭ. ಒಂದನ್ನೂ ಬಿಡದೆ ಎಲ್ಲ ಮೀನನ್ನೂ ಅದಕ್ಕೆ ಹಾಕಿ. ಬೀರುವಿನಲ್ಲಿ ಎರಡನೇ ಹೀಟರು, ಚಿಕ್ಕ ಪಂಪು, ನೀಲಿ ಮುಚ್ಚಳದ ಔಷಧಿ ಬಾಟಲಿ, ನೀರಿನಲ್ಲಿ ಔಷಧಿ ಎಷ್ಟಿದೆ ಎಂದು ಬಣ್ಣದಿಂದ ಅಳೆಯುವ ಹನಿ ಡಬ್ಬಿ ಇವೆ. ಚೀಟಿಯಲ್ಲಿ ಬರೆದಿರುವಷ್ಟೇ ಔಷಧಿ, ದಿನಾ ಅಳತೆ ನೋಡಬೇಕು. ಆ ಬಾಟಲಿಯ ಔಷಧಿ ಗಾಜಿನ ತೊಟ್ಟಿಗೆ ಬೀಳಬಾರದು. ಯಾಕೆಂದು ಆಮೇಲೆ ಬರೆಯುತ್ತೇನೆ.

ಗಾಜಿನ ತೊಟ್ಟಿಯಲ್ಲಿ ಹವಳ, ಸಿಗಡಿ, ಬಸವನಹುಳು ಮಾತ್ರ ಇರಲಿ. ಹೊಸ ಉಪ್ಪುನೀರು ತುಂಬಿ, ದೀಪ, ಪಂಪು ಎಂದಿನಂತೆ ನಡೆಯಲಿ. ಎರಡೂವರೆ ತಿಂಗಳು ಒಂದು ಮೀನೂ ಇಲ್ಲದಿದ್ದರೆ ಕ್ರಿಮಿಗೆ ಹಿಡಿಯಲು ಯಾರೂ ಸಿಗದೆ ತಾನಾಗಿ ಸಾಯುತ್ತದೆ. ಬೇರೆ ದಾರಿಯಿಲ್ಲ. ಅತ್ತೆ, ಎಂಟು ವರ್ಷದಲ್ಲಿ ಬೆರಳಿನುಗುರಿನಷ್ಟಿದ್ದ ಹವಳದ ಚೂರುಗಳನ್ನು ಅಂಗೈಯಗಲ ಮಾಡಿದ್ದೇನೆ. ಹಿಂದಿನ ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗ ಅದರ ಮುಂದೆ ಕೂತೇ ನಾನು ಬದುಕಿದ್ದು. ನಿಮ್ಮ ಕೈಯಲ್ಲಿದೆ.

ಕಾವಲುಗಾರ ಕೂಗುತ್ತಿದ್ದಾನೆ.

ನಿಮ್ಮ
ನೆವೆನಾ

ತಾ.ಕ.: ಅಪ್ಪನನ್ನು ಬೈಯಬೇಡಿ. ಅವತ್ತು ನಾನು ಕನ್ನಡಕ ಹಾಕಿರಲಿಲ್ಲ. ಚೀಲದಲ್ಲಿರುವುದು ಎಲೆಕೋಸಿನ ಉಪ್ಪಿನಕಾಯಿಯ ನೀರು ಅಂದುಕೊಂಡು ಖುಷಿಯಿಂದ ಕೈ ಬೀಸಿದೆ.

~

ಆಸೆನೊವ್‌ಗ್ರಾಡ್
ಫೆಬ್ರವರಿ 14, ದ್ರಾಕ್ಷಿ ಬಳ್ಳಿ ಕತ್ತರಿಸುವ ಹಬ್ಬದ ದಿನ

ನೆವೆನಾ, ನನ್ನ ಕಂದಾ,

ನಿನ್ನ ಕಾಗದ ಎರಡು ಸಲ ಓದಿದೆ. ಕರುವಿನ ಹಾಗೆ ಆಡುತ್ತಿದೆ ಎಂದು ಬರೆದ ಕೈಗೆ ನಾನೇ ಹೊಡೆದುಕೊಳ್ಳಬೇಕು. ಅಳುತ್ತ ಕೂರುವ ಹೊತ್ತಲ್ಲ ಎಂದು ಏಪ್ರನ್ ಕಟ್ಟಿದೆವು. ಇವರಿಗೆ ಏಪ್ರನ್ ಇಲ್ಲ, ಪ್ಯಾಂಟಿನ ಕಾಲು ಮಡಚಿದರು.

ಮೀನು ಹಿಡಿಯುವುದನ್ನು ನೀನು ನೋಡಿದ್ದರೆ ಹೆರಿಗೆ ಅಲ್ಲೇ ಆಗಿಬಿಡುತ್ತಿತ್ತು. ನೀರು ಅರ್ಧ ಇಳಿದರೂ ಅವು ಕಲ್ಲಿನ ಸಂದಿಗೆ ನುಗ್ಗಿ ನಮ್ಮನ್ನೇ ನೋಡುತ್ತಿದ್ದವು. ನಾನು ಸಾರಿನ ಸೌಟು, ಇವರು ದ್ರಾಕ್ಷಿ ಸೋಸುವ ಜರಡಿ. ಕಿತ್ತಳೆ ಹೆಂಡತಿ ಓಡಲಿಲ್ಲ, ನೇರ ಬಂದು ಇವರ ಬೆರಳು ಕಚ್ಚಿದಳು. "ಇವಳು ಗಿನ್ಕಾನೇ ಸೈ" ಅಂದರು. ಕೊನೆಗೆ ಸಿಕ್ಕಿದ್ದು ಲಿಮೋನ್. ಅದು ಓಡಲೇ ಇಲ್ಲ ನೆವೆನಾ, ದಣಿದು ಹೋಗಿತ್ತು, ಇವರ ಅಂಗೈಯಲ್ಲಿ ಸುಮ್ಮನೆ ಮಲಗಿಕೊಂಡಿತು. ಇವರ ಮುಖ ಆಗ ನೋಡಬೇಕಿತ್ತು.

ಔಷಧಿ ನಾನೇ ಹಾಕಿದೆ, ಚೀಟಿಯಲ್ಲಿರುವಷ್ಟೇ. ಅಳತೆಯ ಹನಿ ಹಾಕಿ ಬಣ್ಣ ನೋಡುವುದನ್ನೂ ಕಲಿತಿದ್ದೇನೆ. ಅಡಗಿಕೊಳ್ಳಲು ನಾಲ್ಕು ಪೈಪಿನ ತುಂಡು ಹಾಕಿದ್ದೇವೆ, ಕಿತ್ತಳೆ ದಂಪತಿ ಒಂದರಲ್ಲಿ ಸಂಸಾರ ಹೂಡಿದ್ದಾರೆ. ನಿನ್ನಿಂದ ಏನೂ ಮುಚ್ಚಿಡುವುದಿಲ್ಲ: ನೀಲಿ ಮೀನು ಮೂರನೆಯ ದಿನ ಸತ್ತಿತು. ಇವರು ಅದನ್ನು ಗೇಟಿನ ಪಕ್ಕದ ಬಳ್ಳಿಯ ಬುಡದಲ್ಲಿ ಹೂತರು. "ನಾನು ಕರ್ಕೊಂಡ್ ಬಂದ ಅತಿಥಿ" ಎಂದು ಒಂದೇ ಮಾತು ಹೇಳಿ ಊಟಕ್ಕೆ ಕೂರಲಿಲ್ಲ. ಆದರೆ ಲಿಮೋನ್ ನಿನ್ನೆಯಿಂದ ತಿನ್ನುತ್ತಿದೆ. ಉಸಿರೂ ಹಗುರಾಗಿದೆ.

ಈಗ ಇವರ ವಾಸವೆಲ್ಲ ನೆಲಮಾಳಿಗೆಯಲ್ಲೇ. ಪೀಪಾಯಿಗಳ ನಡುವೆ ಕುರ್ಚಿ ಹಾಕಿಕೊಂಡು ಮೀನುಗಳಿಗೆ ಪೇಪರು ಓದಿ ಹೇಳುತ್ತಾರೆ, ಮಂತ್ರಿಗಳನ್ನು ಬೈಯುತ್ತಾರೆ. ಇವತ್ತು ಹಬ್ಬ ನೋಡು, ಮುಂಜಾನೆ ತೋಟಕ್ಕೆ ಹೋಗಿ ಬಳ್ಳಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ವೈನು ಸುರಿದು ಬಂದರು. ಬಂದವರೇ ವೈನು ಉಳಿದ ಲೋಟವನ್ನು ಮೀನಿನ ತೊಟ್ಟಿಯ ಮೇಲೆ ಹಿಡಿದಿದ್ದರು! ನಾನು ಅಲ್ಲಿ ಇರದಿದ್ದರೆ ಮೀನುಗಳೂ ಹಬ್ಬ ಮಾಡುತ್ತಿದ್ದವು.

ಮೇಲಿನ ಕಡಲನ್ನು ಖಾಲಿ ಬಿಡಬೇಕು ಅಂದದ್ದು ಇವರಿಗೆ ಒಂದೇ ಮಾತಿನಲ್ಲಿ ತಿಳಿಯಿತು. ನೆಲ ಬೀಳು ಬಿಟ್ಟ ಹಾಗೆ ಅಂದರು. ತಿಳಿದದ್ದೇನೋ ತಿಳಿಯಿತು, ಒಪ್ಪಿಗೆಯಾಗಲಿಲ್ಲ. ದಿನಕ್ಕೆ ಹತ್ತು ಸಲ ಮಹಡಿ ಹತ್ತಿ, "ಮಗು ಎತ್ಕೊಂಡು ಬಂದ್ ದಿನ ಅವಳು ಈ ಬರೀ ನೀರ್ ನೋಡ್ಬೇಕಾ?" ಅನ್ನುತ್ತಾರೆ. ನೀನು ಮನೆಗೆ ಬರುವಾಗ ಮೀನೆಲ್ಲ ಮೇಲೆಯೇ ಇರಬೇಕು ಎಂದು ಅವರಿಗೆ ಒಂದೇ ಹಟ. ಮಗು ಹುಟ್ಟುವಾಗ ಮನೆಯಲ್ಲಿ ಏನೂ ಖಾಲಿ ಇರಬಾರದಂತೆ.

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ಕಾಲು ಕುಟ್ಟುತ್ತಿದ್ದಾರೆ. ಜಾಡಿಯಲ್ಲಿ ಸೀಬೆಯಂಥ ಹಳದಿ ಹಣ್ಣಿನ ಪಾಕವಿದೆ, ನಿನಗೆ ಇಷ್ಟದ್ದು.

ನಿನ್ನ ಅತ್ತೆ
ಗಿನ್ಕಾ

ತಾ.ಕ.: ನೀಲಿ ಮುಚ್ಚಳದ ಬಾಟಲಿಯಲ್ಲಿ ಏನಿದೆ ಎಂದು ಇವರು ಕೇಳಿದರು. ಕನ್ನಡಕ ಹಾಕಿ ಓದಿದೆ, ತಾಮ್ರ ಎಂದು ಬರೆದಿತ್ತು. "ತಾಮ್ರಾನಾ? ಅಷ್ಟೇನಾ?" ಎಂದು ಗಟ್ಟಿಯಾಗಿ ನಕ್ಕರು. ಬಹಳ ದಿನದ ಮೇಲೆ ಅವರ ನಗು ಕೇಳಿದೆ.

~

ಆಸೆನೊವ್‌ಗ್ರಾಡ್
ಫೆಬ್ರವರಿ 28, ಗುರುವಾರ

ನೆವೆನಾ,

ಈ ಕಾಗದವನ್ನು ಕೂತು ಓದಬೇಡ, ಮಲಗಿ ಓದು. ಪಕ್ಕದ ಮಂಚದ ಹೆಂಗಸನ್ನು ಹತ್ತಿರ ಕೂರಿಸಿಕೊ. ಮೊದಲು ಸಾರು ಕುಡಿ.

ಕಳೆದ ವಾರ ಕಾಗದ ಬರೆಯಲಿಲ್ಲ, ಕೈ ನೋವು ಎಂದು ಹೇಳಿ ಕಳಿಸಿದ್ದೆ. ಕೈಗೆ ಏನೂ ಆಗಿರಲಿಲ್ಲ. ಡಾಕ್ಟರು ಹೇಳಿದ ಮಾತು ಮುಂದಿಟ್ಟುಕೊಂಡು, ಹೆರಿಗೆಯಾಗುವ ತನಕ ಬಾಯಿಗೆ ಬೀಗ ಹಾಕಿಕೊಂಡಿರೋಣ ಅಂದುಕೊಂಡೆ. ಆಗಲಿಲ್ಲ. ಮನೆಗೆ ಬಂದು ಮಹಡಿ ಹತ್ತಿ ನೀನೇ ನೋಡುವುದಕ್ಕಿಂತ ನನ್ನ ಬಾಯಿಂದ ಕೇಳುವುದು ಮೇಲು. ನೀನು ನಮ್ಮ ಕೈಗೆ ಕೊಟ್ಟು ಹೋದ ವಸ್ತು ಅದು.

ನಿನ್ನ ಹವಳಗಳು ಸತ್ತವು, ಕಂದಾ. ಮಾಡಿದವಳು ನಾನು.

ಕೆಳಗಿನ ಮೀನುಗಳಿಗೆ ತಾಮ್ರದಿಂದ ವಾಸಿಯಾಗುತ್ತಿದೆ, ಮೇಲಿನ ನೀರಿನಲ್ಲಿ ರೋಗದ ಬೀಜ ಹಾಗೇ ಇದೆ. ಇದು ನನ್ನ ತಲೆ ಕೊರೆಯುತ್ತಿತ್ತು. ತಾಮ್ರವೆಂದರೆ ನಮಗೇನು ಹೊಸದೇ? ನಲವತ್ತು ವರ್ಷದಿಂದ ಈ ಮನೆಯಲ್ಲಿ ಬಳ್ಳಿಯ ಬೂಜು ರೋಗಕ್ಕೆ ಮೈಲುತುತ್ತ ಹೊಡೆಯುತ್ತಿದ್ದೇವೆ, ನೆಲಮಾಳಿಗೆಯಲ್ಲಿ ಅರ್ಧ ಮೂಟೆ ಬಿದ್ದಿದೆ. ಅದೂ ತಾಮ್ರವೇ. ಬಾಟಲಿಯದು ಹಾಕಬೇಡಿ ಎಂದು ನೀನು ಬರೆದಿದ್ದೆ, ಬಾಟಲಿಯದು ಮುಗಿದುಹೋದೀತು ಎಂದು ಹೇಳಿರಬೇಕು ಅಂದುಕೊಂಡೆ. ರೋಗ ಬಂದದ್ದು ಮನೆಗೆ, ಔಷಧಿ ಕೊಡುವುದು ಅತಿಥಿಗಳಿಗೆ ಮಾತ್ರವೇ, ಮನೆಗೂ ಒಂದು ಸುತ್ತು ಹೊಡೆದರೆ ಬೀಳು ಬಿಡುವ ಕೆಲಸವೇ ಇಲ್ಲ, ನೀನು ಬರುವ ಹೊತ್ತಿಗೆ ಮೀನೆಲ್ಲ ಮೇಲೆ ಇರುತ್ತವೆ ಎಂದು ಲೆಕ್ಕ ಹಾಕಿದೆ. ಬಳ್ಳಿಗೆ ಕಲಸುವುದಕ್ಕಿಂತ ಎಷ್ಟೋ ತೆಳ್ಳಗೆ ಕಲಸಿ ಸುರಿದೆ. ಇವರು ಆಗ ಮನೆಯಲ್ಲಿ ಇರಲಿಲ್ಲ. ಇವರಿಗೆ ಏನೂ ಗೊತ್ತಿಲ್ಲ.

ಸಂಜೆಗೆ ಬಸವನಹುಳುಗಳು ಗಾಜಿನಿಂದ ಒಂದೊಂದಾಗಿ ಕಳಚಿ ಬಿದ್ದವು. ಕೆಂಪು ಪಟ್ಟೆಯ ಸಿಗಡಿ, ನನ್ನ ಕೈಯಿಂದಲೇ ಊಟ ಕಿತ್ತುಕೊಳ್ಳುತ್ತಿತ್ತಲ್ಲ ಅದು, ಬೆನ್ನ ಮೇಲೆ ಮಲಗಿ ಕಾಲು ಆಡಿಸುತ್ತಿತ್ತು. ಬೆಳಿಗ್ಗೆ ನೋಡಿದರೆ ಹವಳಗಳೆಲ್ಲ ನೆನೆದ ಕಾಗದದ ಹಾಗೆ ಮುದುಡಿ ಲೋಳೆ ಬಿಡುತ್ತಿದ್ದವು. ಎನಾಮಲ್ ಪಾತ್ರೆಯಲ್ಲಿ ಹೊಸ ಉಪ್ಪುನೀರು ಮಾಡಿ ಒಂದೊಂದನ್ನೇ ಎತ್ತಿ ಹಾಕಿದೆವು. ಒಂದು ಉಳಿದಿದೆ, ಬೆರಳುಬೆರಳಾಗಿರುವ ಹಸಿರು ಹವಳ. ನಿನ್ನೆ ಎರಡು ಬೆರಳು ಅರಳಿಸಿತು. ಉಳಿದವು ಹೋದವು. ಹಿಂದಿನ ಸಲ ನೀನು ಅದರ ಮುಂದೆ ಕೂತೇ ಬದುಕಿದೆ ಎಂದು ಬರೆದಿದ್ದೆ. ಆ ಸಾಲನ್ನು ಓದಿ ಓದಿ ನನಗೆ ಊಟ ಸೇರುತ್ತಿಲ್ಲ.

ಬೈಯುವುದಾದರೆ ನನ್ನನ್ನು ಬೈ. ನನಗಾದರೆ ನೀನು ಅತ್ತೆ ಎಂದೇ ಕರೆಯುವುದು, ಅತ್ತೆಯರನ್ನು ಬೈಯುವುದು ಲೋಕದಲ್ಲೇ ರೂಢಿ, ನನಗೆ ನಡೆಯುತ್ತದೆ. ನಿನ್ನ ಅಪ್ಪನ ಮೇಲೆ ಮಾತ್ರ ಮನಸ್ಸು ಕೆಡಿಸಿಕೊಳ್ಳಬೇಡ. ಆ ಮುದುಕ ತಡೆದುಕೊಳ್ಳಲಾರ.

ನಾಳೆ ಮಾರ್ಚ್ ಒಂದು, ವಸಂತ ಬರಲಿ, ಮೈ ಚೆನ್ನಾಗಿರಲಿ ಎಂದು ದಾರ ಕಟ್ಟುವ ದಿನ. ಜಾಡಿಯ ಕುತ್ತಿಗೆಗೆ ಕಟ್ಟಿರುವ ಕೆಂಪು ಬಿಳಿ ದಾರ ನಿನ್ನ ಕೈಗೆ. ಇನ್ನೊಂದು ಚಿಕ್ಕದಿದೆ, ಹುಟ್ಟುವವಳಿಗೆ. ಅವಳ ಪರವಾಗಿ ಈಗ ನೀನೇ ಕಟ್ಟಿಕೊ.

ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ.

ಗಿನ್ಕಾ

ತಾ.ಕ.: ಮೀನುಗಳೆಲ್ಲ ಚೆನ್ನಾಗಿವೆ. ಲಿಮೋನ್ ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಇದು ನಿಜ.

(ಕೆಳಗೆ ಪೆನ್ಸಿಲ್ಲಿನಲ್ಲಿ, ಬೇರೆ ಅಕ್ಷರದಲ್ಲಿ)

ಮಗಳೇ, ವೆಲ್ಕೊ ಬರೀತಾ ಇದೀನಿ. ನಿನ್ನ ಕಿಟಕಿ ಕೆಳಗಿನ ಬೆಂಚ್ ಮೇಲೆ ಕೂತಿದೀನಿ, ಪೆನ್ಸಿಲ್ ಕಾವಲುಗಾರಂದು. ಗಿನ್ಕಾ ಇದನ್ನ ಬರೆಯುವಾಗ ಅಳ್ತಾ ಇದ್ಳು, ಅದಕ್ಕೇ ಅಂಟಿಸಿದ್ದನ್ನ ಒಡೆದು ಓದಿದೆ.

ಅವಳು ಬರೆದಿರೋದು ಸುಳ್ಳು. ಮಾಡಿದ್ದು ನಾನು. ಅವಳು ಸಂತೆಗೆ ಹೋಗಿದ್ದಾಗ ಮಾಡಿದೆ. ಮೈಲುತುತ್ತದ ಮೂಟೆ ನೆಲಮಾಳಿಗೆಯ ಯಾವ ಮೂಲೇಲಿದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ, ನಲವತ್ತು ವರ್ಷದಲ್ಲಿ ಒಂದು ದಿನ ಅದನ್ನ ಕಲಸಿದವಳಲ್ಲ. ಲೆಕ್ಕವೆಲ್ಲ ನನ್ನದೇ, ಅವಳು ಅದನ್ನ ತನ್ನ ಹೆಸರಿಗೆ ಬರ್ಕೊಂಡಿದಾಳೆ. ನೀನು ಬರೋವಾಗ ಕಡಲು ತುಂಬಿರ್ಬೇಕು ಅಂತ ಆಸೆ ಪಟ್ಟೆ, ಅಷ್ಟೇ.

ಇವತ್ತು ಮೇಲೆ ನೋಡಿ ಕೂಗಲ್ಲ. ಜಾಡಿಗೂ ಕಾಯಲ್ಲ. ಇನ್ನು ಮೇಲೆ ನನ್ನನ್ನ ಮಾವ ಅಂದ್ರೂ ಸರಿ, ಓಗೊಡ್ತೀನಿ.

~

ಪ್ಲೊವ್‌ಡಿವ್
ಮಾರ್ಚ್ 7, ಗುರುವಾರ

ಅಮ್ಮಾ,

ಇವತ್ತು ಕಿಟಕಿಯ ಕೆಳಗೆ ನಿನ್ನನ್ನು ನೋಡಿದೆ. ಅಪ್ಪ ಬರಲಿಲ್ಲ. ದೊಡ್ಡ ಚೀಲ ಹಿಡಿದು ನೀನೊಬ್ಬಳೇ ನಿಂತು ತಪ್ಪು ಕಿಟಕಿಗೆ ಕೈ ಬೀಸುತ್ತಿದ್ದೆ. ಎರಡನೇ ಮಹಡಿಯ ಹೆಂಗಸು ಯಾರೋ ಏನೋ, ಅವಳೂ ಬೀಸಿದಳು. ಈ ಕಾಗದ ಜಾಡಿಯೊಳಗೆ ಕೆಳಗೆ ಬರುತ್ತದೆ, ಬಸ್ಸಿನಲ್ಲಿ ಓದಬೇಡ, ಮನೆಗೆ ಹೋಗಿ ಅಪ್ಪನಿಗೂ ಕೇಳುವಂತೆ ಗಟ್ಟಿಯಾಗಿ ಓದು.

ಮೊದಲ ಎರಡು ದಿನ ನನಗೆ ಸಿಟ್ಟು ಬಂದಿತ್ತು. ಸುಳ್ಳು ಹೇಳುವುದಿಲ್ಲ. ಗೋಡೆ ಕಡೆ ತಿರುಗಿ ಮಲಗಿ ಅತ್ತುಬಿಟ್ಟೆ, ನಿನ್ನ ಸಾರಿನ ಜಾಡಿಯ ಮುಚ್ಚಳ ತೆಗೆಯಲಿಲ್ಲ. ಒಂದೊಂದು ಹವಳದ ಮುಖವೂ ನನಗೆ ಗೊತ್ತಿತ್ತು. ಆ ಸಿಗಡಿ ನನ್ನ ಉಗುರು ತಿಕ್ಕಿ ತೊಳೆಯುತ್ತಿತ್ತು. ಡಾಕ್ಟರು ಬಂದು ರಕ್ತದೊತ್ತಡ ನೋಡಿ ಗದರಿದರು. ಯಾರು ಸತ್ತರು ಎಂದು ನರ್ಸ್ ಕೇಳಿದಳು. ಹವಳ ಅಂದೆ. ಅವಳು ಬೇರೆ ಔಷಧಿ ತರಲು ಹೋದಳು.

ಮೂರನೆಯ ದಿನ ಕಾಗದವನ್ನು ಮತ್ತೆ ಓದಿದೆ. ನಾನು ಏಳು ವರ್ಷದವಳಿದ್ದಾಗ ಪಕ್ಕದ ಮನೆಯ ಕಿಟಕಿ ಗಾಜು ಒಡೆದಿದ್ದೆ. ಆ ಮನೆಯಾಕೆ ಜಗಳಕ್ಕೆ ಬಂದಾಗ ನನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತು, ಒಡೆದದ್ದು ನಾನೇ, ಕಂಬಳಿ ಕೊಡವುವಾಗ ಕೋಲು ತಗುಲಿತು ಅಂದಳು. ಕಣ್ಣು ಮಿಟುಕಿಸದೆ ಹೇಳಿದಳು. ಆಮೇಲೆ ಇವತ್ತಿನ ತನಕ ಯಾರೂ ಅಂಥ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಿನಗಾದರೋ ಕಾಗದದಲ್ಲೂ ಸುಳ್ಳು ಹೇಳಲು ಬರುವುದಿಲ್ಲ. ಅಪ್ಪನ ಪೆನ್ಸಿಲ್ ಅಕ್ಷರ ಕಣ್ಣಿಗೆ ಬೀಳುವ ಮೊದಲೇ ಸಿಕ್ಕಿಬಿದ್ದಿದ್ದೆ. 'ಇವರಿಗೆ ಏನೂ ಗೊತ್ತಿಲ್ಲ' ಎಂದು ಬರೆದೆಯಲ್ಲ, ಆ ಮನೆಯಲ್ಲಿ ಅಪ್ಪನಿಗೆ ಗೊತ್ತಾಗದ ಹಾಗೆ ಮೈಲುತುತ್ತದ ಮೂಟೆ ಬಿಚ್ಚುವವರು ಯಾರು?

ಅಪ್ಪನಿಗೆ ಹೇಳು. ಯಾಕೆ ಹಾಕಬಾರದು ಎಂದು ಆಮೇಲೆ ಬರೆಯುತ್ತೇನೆ ಅಂದವಳು ನಾನು ಬರೆಯಲೇ ಇಲ್ಲ. ಮೀನಿಗೆ ಔಷಧಿಯಾಗುವ ತಾಮ್ರವೇ ಹವಳಕ್ಕೂ ಸಿಗಡಿಗೂ ವಿಷ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅಪ್ಪ ಬಳ್ಳಿಯ ಮನುಷ್ಯ, ಬಳ್ಳಿಯ ಬುದ್ಧಿಯಂತೆ ಮಾಡಿದರು. ಮಾವ ಅನ್ನಬೇಕಂತೆ, ಅನ್ನುವುದಿಲ್ಲ. ಒಂದು ಸಲ ಅಪ್ಪ ಅಂದದ್ದನ್ನು ಜಾಡಿಯ ಹಾಗೆ ವಾಪಸ್ ಕೇಳಲು ಬರುವುದಿಲ್ಲ.

ಹಾಗೆಂದು ಸುಮ್ಮನೆ ಬಿಡುವುದೂ ಇಲ್ಲ, ಕೆಲಸ ಇದೆ. ತೊಟ್ಟಿಯ ಕಲ್ಲು, ಮರಳು ಎಲ್ಲ ತಾಮ್ರ ಕುಡಿದಿವೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಅವನ್ನೆಲ್ಲ ಅಪ್ಪನೇ ಹೊತ್ತು ತೋಟದ ಬದುವಿಗೆ ಹಾಕಲಿ. ಗಾಜನ್ನು ತೊಳೆದು ಒಣಗಿಸಿ. ಮೀನು ನೆಲಮಾಳಿಗೆಯಲ್ಲೇ ಇರಲಿ, ಔಷಧಿ ಮುಗಿದ ಮೇಲೆ ನೀರು ಬದಲಿಸುತ್ತ ಬನ್ನಿ. ಎನಾಮಲ್ ಪಾತ್ರೆಯ ಹಸಿರು ಹವಳವನ್ನು ಯಾವ ಕಾರಣಕ್ಕೂ ಆ ತೊಟ್ಟಿಗೆ ಹಾಕಬೇಡಿ. ಅದಕ್ಕೆ ಕಿಟಕಿಯ ಬೆಳಕು, ಬೆಚ್ಚಗಿನ ನೀರು, ಚಿಕ್ಕದೊಂದು ಪಂಪು ಕೊಡಿ. ನಾನು ಬಂದ ಮೇಲೆ ಹೊಸ ಕಲ್ಲು, ಹೊಸ ಮರಳು. ನೀರು ಪಕ್ವವಾಗಲು ತಿಂಗಳುಗಳು ಬೇಕು, ಹವಳ ಅಂಗೈಯಗಲವಾಗಲು ವರ್ಷಗಳು. ಹೊಸ ಬಳ್ಳಿ ನೆಟ್ಟು ಮೊದಲ ಗೊಂಚಲಿಗೆ ಕಾಯುವುದು ಅಪ್ಪನಿಗೆ ನಾನು ಹೇಳಿಕೊಡಬೇಕೇ?

ಮಗು ಹುಟ್ಟುವಾಗ ಮನೆಯಲ್ಲಿ ಏನೂ ಖಾಲಿ ಇರಬಾರದು ಅಂದರಂತೆ. ಇರಲಿ ಬಿಡು ಅಮ್ಮಾ. ಹಿಂದಿನ ಸಲ ಕಡಲು ತುಂಬಿತ್ತು, ನನ್ನ ಕೈ ಖಾಲಿ ಇತ್ತು. ಈ ಸಲ ಅದು ಬೀಳು ಬಿದ್ದಿರಲಿ. ಇಲ್ಲಿ ಇವಳು ಗಟ್ಟಿಯಾಗಿದ್ದಾಳೆ, ರಾತ್ರಿಯೆಲ್ಲ ಒದೆಯುತ್ತಾಳೆ, ಕೆಂಪು ಬಿಳಿ ದಾರ ಎರಡೂ ನನ್ನ ಕೈಯಲ್ಲಿವೆ. ಇನ್ನು ಹೆದರುವ ಕಾಲ ಹೋಯಿತು ಎಂದು ಇವತ್ತು ಬೆಳಿಗ್ಗೆ ಡಾಕ್ಟರು ಅಂದರು.

ಮುಂದಿನ ಗುರುವಾರ ಅಪ್ಪ ಬರಬೇಕು. ಬೆಂಚಿನ ಹತ್ತಿರ ನಿಂತು, ಮೇಲೆ ನೋಡಿ, ಮೊದಲಿನ ಹಾಗೆ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಬೇಕು. ವಾರ್ಡಿನವರೆಲ್ಲ ಕೇಳುತ್ತಿದ್ದಾರೆ, ಆ ಗಂಟಲು ಎಲ್ಲಿ ಎಂದು. ನಾನು ಕನ್ನಡಕ ಹಾಕಿಕೊಂಡು ನಿಂತಿರುತ್ತೇನೆ.

ನಾಳೆ ಹೆಂಗಸರ ಹಬ್ಬ. ಇಲ್ಲಿ ಹೂವು ಸಿಗುವುದಿಲ್ಲ. ನಾಲ್ಕು ಜಾಡಿ ಇವೆ, ನಾನೇ ತೊಳೆದು ಒರೆಸಿದ್ದು, ಒಂದೂ ಕಳೆದಿಲ್ಲ.

ನಿನ್ನ ಮಗಳು
ನೆವೆನಾ

ತಾ.ಕ.: ಅಪ್ಪನಿಗೆ ಶಿಕ್ಷೆ ಒಂದಿದೆ, ಕಲ್ಲು ಹೊರುವುದರ ಜೊತೆಗೆ. ವೆಲಿನಾ ಎಂಬ ಹೆಸರು ರದ್ದಾಗಿದೆ. ಸ್ಪೇನಿನಿಂದ ಕಲಿನ್ ನರ್ಸ್ ಕೋಣೆಗೆ ಫೋನು ಮಾಡಿದಾಗ ಮಾತಾಡಿ ಮುಗಿಸಿದ್ದೇವೆ. ಮೇಕೆಗೂ ಇಡದ ಹೆಸರನ್ನು ನಮ್ಮ ಮಗಳಿಗೆ ಇಡುತ್ತೇವೆ. ಗಿನ್ಕಾ.